ನಾನು ಹಾಸಿಗೆ ಹಿಡಿದ ಪ್ರಸಂಗ

ಹಾಸಿಗೆ ಹಿಡಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆದರೆ ಹಾಸಿಗೆ ಹಿಡಿದು, ಹಿಡಿದ ಒಂದೇ ಕಾರಣಕ್ಕೆ ಬಡ್ತಿ ಪಡೆದು, ಸಾಹೇಬರ ಕೈಯಲ್ಲಿ ಬೆನ್ನು ತಟ್ಟಿಸಿಕೊಂಡವನನ್ನು ನೋಡಿದ್ದೀರಾ? (ತಟ್ಟಿದ ಜಾಗ ಇವತ್ತಿಗೂ ನೋಯುತ್ತದೆ, ಅದು ಬೇರೆ ಮಾತು.) ನೋಡಿಲ್ಲವಾದರೆ ಬನ್ನಿ, ಕೂತುಕೊಳ್ಳಿ, ಕಣ್ತುಂಬ ನೋಡಿಕೊಳ್ಳಿ. ನಾನು ಎದ್ದು ನಿಂತು ಬರಮಾಡಿಕೊಳ್ಳಲಿಲ್ಲವೆಂದು ಬೇಸರ ಬೇಡ. ಅದಕ್ಕೊಂದು ಕಾರಣವಿದೆ, ಕೊನೆಗೆ ತಾನಾಗಿ ತಿಳಿಯುತ್ತದೆ.

ನನ್ನ ಕಸುಬು ಹಾಸಿಗೆ ಮಾರುವುದು. ಊರವರೆಲ್ಲ ಚೆನ್ನಾಗಿ ಮಲಗಲಿ ಎಂದು ಊರೂರು ಅಲೆಯುವ ಪುಣ್ಯಾತ್ಮ ನಾನು. ದೇವರು ನನಗೆ ಬುದ್ಧಿ ಎಷ್ಟು ಕೊಟ್ಟಿದ್ದಾನೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಉದ್ದ ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ನನ್ನ ಭಾವಮೈದ ನನ್ನನ್ನು ಕರೆಯುವುದೇ ‘ಏಣಿ ಭಾವ’ ಎಂದು. ಯಾವ ಮಂಚದ ಮೇಲೆ ಮಲಗಿದರೂ ನನ್ನ ಪಾದಗಳು ಹೊರಗೇ ಇರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಟ್ಟಿದವನು ಖಂಡಿತ ಕುಳ್ಳನಿರಬೇಕು.

ಇಂಥ ನನ್ನ ಮನೆಯ ಹಾಸಿಗೆ ಆಗ ಹೇಗಿತ್ತು ಎಂದು ಕೇಳಬೇಡಿ. ಕೇಳಿದರೆ ನನ್ನವಳು ಉತ್ತರಿಸುತ್ತಾಳೆ, ಆಮೇಲೆ ನಿಲ್ಲಿಸುವುದಿಲ್ಲ. ಮದುವೆಯಲ್ಲಿ ಬಂದ ಹತ್ತಿಯ ಹಾಸಿಗೆ. ಹತ್ತಿಯೆಲ್ಲ ಅಲ್ಲಲ್ಲಿ ಸಭೆ ಸೇರಿ ಗಂಟುಗಂಟಾಗಿತ್ತು. ಗಂಟಿಲ್ಲದ ಕಡೆ ಬರೀ ಬಟ್ಟೆ ಇತ್ತು. “ದೀಪದ ಕೆಳಗೆ ಕತ್ತಲೆ ಅಂದ್ರೆ ಇದೇ. ಲೋಕಕ್ಕೆಲ್ಲ ಹಾಸಿಗೆ ಮಾರ್ತೀರಿ, ಕಟ್ಕೊಂಡವಳಿಗೆ ಗಂಟು ಕೊಟ್ಟಿದೀರಿ” ಎಂದು ಅವಳು ದಿನಾ ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. “ಮೂರು ಗಂಟು ಹಾಕಿದವನು ನಾನು, ಇನ್ನು ನಾಲ್ಕು ಹೆಚ್ಚಾದರೆ ಏನು?” ಎಂದು ಒಮ್ಮೆ ತಮಾಷೆ ಮಾಡಿದ್ದೆ. ಆ ದಿನ ಊಟಕ್ಕೆ ಹೊರಗೆ ಹೋಗಬೇಕಾಯಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿಯ ಸಾಹೇಬರಿಗೆ ನಾವೆಲ್ಲ ಇಟ್ಟಿರುವ ಹೆಸರು ಸ್ಪ್ರಿಂಗ್ ಸಾಹೇಬರು. ಕೋಪ ಬಂದರೆ ಕುರ್ಚಿಯಿಂದ ಪುಟಿದು ನಿಲ್ಲುತ್ತಾರೆ. ಅವತ್ತು ನನ್ನನ್ನು ಕಂಡದ್ದೇ ಪುಟಿದರು.

“ಏನ್ರೀ, ಈ ವರ್ಷ ಒಂದು ದೊಡ್ಡ ಆರ್ಡರಾದ್ರೂ ತಂದಿದೀರಾ? ಅಡ್ಡಾಡ್ತೀರಿ, ಬರ್ತೀರಿ. ನೋಡಿ, ಮಹಾನಗರದ ನಡುಮಧ್ಯ ಒಂದು ಹೋಟೆಲ್ ಇದೆ. ಹಳೇ ಕಾಲದ್ದು. ವ್ಯಾಪಾರಕ್ಕೆ ಅಂತ ಬರೋರೆಲ್ಲ ಅಲ್ಲೇ ಇಳ್ಕೊಳ್ಳೋದು. ಅದರ ಒಡತಿ ಹಾಸಿಗೆ ಬದಲಾಯಿಸಲ್ಲ ಅಂತ ಹಟ ಹಿಡಿದು ಕೂತಿದಾರೆ. ಹೋದ ಕಂಪನಿಯವರೆಲ್ಲ ಹೋದ ದಾರೀಲೇ ವಾಪಸ್. ನೀವು ಹೋಗಿ. ಬಾಯಿಮಾತು ಸಾಕು, ಹಾಸಿಗೇನೇ ತಗೊಂಡು ಹೋಗಿ ಅವರ ಮುಂದೆ ಹಾಸಿ. ಆರ್ಡರ್ ತಂದ್ರೆ ವಲಯದ ಮುಖ್ಯಸ್ಥ. ಇಲ್ಲದಿದ್ರೆ ಗೋಡೌನ್.”

ಗೋಡೌನ್ ಎಂದರೆ ತಮಾಷೆಯಲ್ಲ. ಹತ್ತಿ, ನಾರು, ದೂಳು. ಅಲ್ಲಿಗೆ ಹೋದವರು ಸೀನುತ್ತಲೇ ನಿವೃತ್ತರಾಗಿದ್ದಾರೆ. ನನಗೋ ದಿಂಬು ಕೊಡವಿದರೂ ಕಣ್ಣಲ್ಲಿ ಮೂಗಲ್ಲಿ ನೀರು. ಮನೆಗೆ ಬಂದು ಮುಖ ಇಳಿಬಿಟ್ಟುಕೊಂಡು ಹೇಳಿದೆ.

“ನಾನೂ ಬರ್ತೀನಿ” ಎಂದಳು ನನ್ನವಳು.

“ಎಲ್ಲಿಗೆ, ಗೋಡೌನಿಗಾ?”

“ಹೋಟೆಲಿಗೆ ರೀ! ಮದುವೆ ಆದಾಗಿಂದ ನೀವು ಹೋಟೆಲಲ್ಲಿ ಮಲಗೋದು, ನಾನಿಲ್ಲಿ ಗಂಟಿನ ಮೇಲೆ ಹೊರಳೋದು. ಅಲ್ಲಿ ಹೋಗಿ ನೀವೇನು ಕಷ್ಟ ಪಡ್ತೀರಿ ಅಂತ ಒಂದು ಸಲ ನಾನೂ ನೋಡ್ಬೇಡ್ವಾ?”

“ಕಂಪನಿಯವರು ನಿನ್ನ ಖರ್ಚು ಕೊಡಲ್ಲ ಕಣೇ.”

“ನಾನೇನು ಎಕರೆಗಟ್ಟಲೆ ಜಾಗ ಕೇಳ್ತೀನಾ? ನಿಮ್ಮ ಕಾಲು ಮಡಚಿದ್ರೆ ಉಳಿಯೋ ಜಾಗದಲ್ಲಿ ನಾನು ಹಿಡೀತೀನಿ. ಮತ್ತೆ ಇನ್ನೊಂದು ಮಾತು. ಆರ್ಡರ್ ಸಿಕ್ಕಿದ್ರೆ ಆ ಸ್ಯಾಂಪಲ್ ಹಾಸಿಗೆ ನಂದು.”

“ಅದು ಕಂಪನಿ ಆಸ್ತಿ!”

“ವಲಯದ ಮುಖ್ಯಸ್ಥರು ಒಂದು ಮಾತು ಕೇಳಿದ್ರೆ ಕೊಡ್ತಾರೆ. ಕೇಳೋಕೆ ಬಾಯಿಲ್ದಿದ್ರೆ ಮುಖ್ಯಸ್ಥರು ಆಗೋದಾದ್ರೂ ಯಾಕೆ?”

ನಾನು ಚಾಪೆಯ ಕೆಳಗೆ ನುಸುಳಿದರೆ ಅವಳು ರಂಗೋಲಿಯ ಕೆಳಗೆ ನುಸುಳುವವಳು. ಒಪ್ಪಿಕೊಂಡೆ.

ಹೀಗೆ ನಾವು ಮೂವರೂ ಹೊರಟೆವು. ನಾನು, ನನ್ನ ಧರ್ಮಪತ್ನಿ, ಮತ್ತು ಸುರುಳಿ ಸುತ್ತಿ ಹಗ್ಗ ಬಿಗಿದ ಸ್ಯಾಂಪಲ್ ಹಾಸಿಗೆ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ತೆಗೆದುಕೊಳ್ಳಿ ಎಂದು ಜಗಳ ತೆಗೆದ. ನಾನು ಅದನ್ನು ತಬ್ಬಿಕೊಂಡೇ ಕೂತೆ. ಎದುರು ಸೀಟಿನ ಮುದುಕಿಯೊಬ್ಬಳು ದಾರಿಯುದ್ದಕ್ಕೂ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ಹೋಟೆಲ್ ಬಾಗಿಲಲ್ಲೇ ಮೊದಲ ವಿಘ್ನ. ಮಾಸಿದ ಕೆಂಪು ಕೋಟಿನ ದ್ವಾರಪಾಲಕ ಮಹಾಶಯ ನನ್ನ ಹಾಸಿಗೆ ನೋಡಿ ಕೈ ಅಡ್ಡ ಹಿಡಿದ. “ಸಾಮಾನೆಲ್ಲ ಹಿಂದಿನ ಬಾಗಿಲಿಂದ ಸಾರ್.” ಸಾಮಾನಂತೆ! ಕಂಪನಿಯ ಹೊಸ ತಳಿ, ಒಳಗೆ ಸ್ಪ್ರಿಂಗ್, ಮೇಲೆ ಮೆತ್ತೆ, ಅದರ ಮೇಲೆ ಹೂವಿನ ಚಿತ್ತಾರ, ಅದು ಸಾಮಾನಂತೆ! ಜಗಳವಾಡಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನವಳು, “ನೀವು ಹಿಂದಿನಿಂದ ಬನ್ನಿ, ಒಳಗಿಂದು ನಾನು ನೋಡ್ಕೋತೀನಿ” ಎಂದು ಒಳಗೆ ಹೊರಟೇ ಹೋದಳು. ಕೋಣೆ ಕಾದಿರಿಸಿದ್ದು ನನ್ನ ಹೆಸರಿನಲ್ಲಿ, ಒಡತಿಯನ್ನು ಸಂಜೆ ಚಹಾದ ಹೊತ್ತಿಗೆ ಕಾಣುವುದೆಂದು ಗೊತ್ತುಮಾಡಿದ್ದು ಕಂಪನಿಯ ಹೆಸರಿನಲ್ಲಿ. ಹಾಗಾಗಿ ನಾನು ಯಾರೆಂದು ಕೌಂಟರಿನವರಿಗೆ ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಹೇಳುವ ಮಾತುಕತೆ ನಡೆದಾಗ ನಾನು ಅಲ್ಲಿರಲಿಲ್ಲ. ಆಮೇಲೆ ವಿಚಾರಣೆ ನಡೆಸಿ, ಎರಡೂ ಕಡೆಯ ಸಾಕ್ಷ್ಯ ಪಡೆದು ಬರೆದಿದ್ದೇನೆ.

ಕೌಂಟರಿನ ಹುಡುಗಿ ಕೇಳಿದಳಂತೆ: “ಸಾರ್ ಎಲ್ಲಿ ಮೇಡಂ? ರುಜು ಹಾಕ್ಬೇಕಿತ್ತು.”

ನನ್ನವಳು ಹೇಳಿದಳಂತೆ: “ಅವರು ಹಾಸಿಗೆ ಹಿಡಿದಿದಾರಮ್ಮ. ಇಲ್ಲಿಗೆ ಬರೋ ಹಾಗಿಲ್ಲ. ಹಿಂದಿನ ಬಾಗಿಲಿಂದ ಮೇಲಕ್ಕೆ ಹೋಗ್ತಾರೆ. ರುಜು ನಾನೇ ಹಾಕ್ತೀನಿ ಕೊಡು.”

“ಅಯ್ಯೋ ಪಾಪ! ಯಾವಾಗಿಂದ ಮೇಡಂ?”

“ಇವತ್ತು ಬೆಳಗ್ಗೆಯಿಂದ. ಬಸ್ಸಲ್ಲೂ ಹಾಗೇ ಬಂದ್ರು. ನನಗಂತೂ ನೋಡೋಕಾಗಲಿಲ್ಲ.”

“ಮತ್ತೆ ಇಷ್ಟು ದೂರ ಯಾಕೆ ಕರ್ಕೊಂಡು ಬಂದ್ರಿ?”

“ನಾನೆಲ್ಲಿ ಕರ್ಕೊಂಡು ಬಂದೆ? ಇದೇ ಹೋಟೆಲಲ್ಲೇ ಆಗ್ಬೇಕು ಅಂತ ಅವರ ಸಾಹೇಬ್ರು ಕಳಿಸಿದ್ದು. ಏನೋ, ಸಂಜೆಯೊಳಗೆ ಅವರದೊಂದು ಮುಗಿದುಹೋದ್ರೆ ನನಗೆ ನೆಮ್ಮದಿ. ನಾಳೆ ಕೈ ಬೀಸ್ಕೊಂಡು ಮನೆಗೆ ಹೋಗ್ಬಹುದು.”

ಹುಡುಗಿಯ ಕೈಯಿಂದ ಪೆನ್ನು ಬಿತ್ತಂತೆ. ನನ್ನವಳು ಅದನ್ನು ಎತ್ತಿಕೊಟ್ಟು ನಗುತ್ತ, “ಎತ್ತರದಲ್ಲಿರೋ ಕೋಣೆ ಬೇಡಮ್ಮ, ಇಳಿಸೋಕೆ ಕಷ್ಟ” ಎಂದಳಂತೆ. (ಅವಳು ಹೇಳಿದ್ದು ಹಾಸಿಗೆಯನ್ನು. ಹುಡುಗಿ ಅರ್ಥ ಮಾಡಿಕೊಂಡದ್ದು ಯಾವುದನ್ನೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.)

ಇತ್ತ ನಾನು ಹಿತ್ತಲ ಬಾಗಿಲಿಂದ ಲಿಫ್ಟಿನ ತನಕ ಹಾಸಿಗೆಯನ್ನು ಎಳೆದು ತಂದಿದ್ದೆ. ಆ ಲಿಫ್ಟು ನನ್ನ ಉದ್ದಕ್ಕೇ ತಲೆ ತಗ್ಗಿಸು ಎನ್ನುವಂಥದ್ದು, ಹಾಸಿಗೆಗೆ ಎಲ್ಲಿಂದ ಜಾಗ ಕೊಡುತ್ತದೆ? ಮೆಟ್ಟಿಲು ಹತ್ತಿದೆ. ಮೊದಲ ಮಹಡಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಸುರುಳಿಯ ಮೇಲೆ ಒರಗಿ, ಬಾಯಿ ತೆರೆದು ಏದುಸಿರು ಬಿಡುತ್ತ ಕೂತಿದ್ದಾಗ, ಬಿಳಿ ಮೀಸೆಯ ಹಿರಿಯ ಪರಿಚಾರಕರೊಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಓಡೋಡಿ ಬಂದರು.

“ಸಾರ್, ನಡೆದು ಬಂದ್ರಾ? ಈ ಸ್ಥಿತೀಲಿ! ಸ್ವಂತ ಹಾಸಿಗೆ ಬೇರೆ ತಂದಿದೀರಲ್ಲ ಸಾರ್...” ಕುರ್ಚಿಯನ್ನು ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದರು. “ಕೂತ್ಕೊಳ್ಳಿ ಸಾರ್, ನಾನಿದೀನಿ.”

ನಾನು ಅನೇಕ ಹೋಟೆಲುಗಳನ್ನು ಕಂಡವನು. ಹೀಗೆ ಕುರ್ಚಿ ತಂದು ಕೂರಿಸಿಕೊಂಡು ಹೋಗುವ ಉಪಚಾರ ಎಲ್ಲೂ ಕಂಡಿರಲಿಲ್ಲ. ಕಂಪನಿಯ ಹೆಸರು ಇಲ್ಲಿ ಇಷ್ಟು ನಡೆಯುತ್ತದಲ್ಲ ಎಂದು ಎದೆ ಉಬ್ಬಿತು. ಕೂತೆ. ಹಾಸಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೆಂಪು ರತ್ನಗಂಬಳಿಯ ಮೇಲೆ (ಕೆಂಪು ಎಂದು ನಾನು ನಂಬುತ್ತೇನೆ, ಈಗ ಅದಕ್ಕೆ ನಿರ್ದಿಷ್ಟ ಬಣ್ಣವಿಲ್ಲ) ಅಂಬಾರಿಯ ಮೇಲಿನ ಅರಸನಂತೆ ಸಾಗಿದೆ. ಕೋಣೆಗಳ ನಡುವಿನ ಓಣಿಯಲ್ಲಿ ನಿಂತಿದ್ದ ಕಸಗುಡಿಸುವ ಹೆಂಗಸರಿಬ್ಬರು ಪೊರಕೆ ಬದಿಗಿಟ್ಟು ತಲೆಬಾಗಿದರು. ನಾನೂ ಗಂಭೀರವಾಗಿ ಕೈಯೆತ್ತಿದೆ.

ಕೋಣೆಯಲ್ಲಿ ಎರಡು ಒಂಟಿ ಮಂಚಗಳು. ಮಂಚದ ತಲೆಗೆ ಗುಂಡಿಗಳ ಒಂದು ಫಲಕ. ರೇಡಿಯೋ ಎಂದು ಬರೆದ ಗುಂಡಿ ಒತ್ತಿದರೆ ಬಚ್ಚಲಿನ ದೀಪ ಹೋಗುತ್ತಿತ್ತು. ಪರದೆ ಸರಿಸಿದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಎದುರು ಕಚೇರಿಯ ಗುಮಾಸ್ತನೊಬ್ಬ ಬುತ್ತಿ ಬಿಚ್ಚುತ್ತಿದ್ದ. ನನ್ನವಳು ಅವನಿಗೆ ನಮಸ್ಕಾರ ಮಾಡಿ ಪರದೆ ಎಳೆದಳು. ಸೋಪು ಬಿಸ್ಕತ್ತಿನಷ್ಟು, ಟವೆಲ್ಲು ಕರವಸ್ತ್ರದಷ್ಟು, ಬಚ್ಚಲಲ್ಲಿ ಟೆಲಿಫೋನು. “ಇದ್ಯಾಕ್ರೀ ಇಲ್ಲಿ?” “ದೊಡ್ಡ ವ್ಯಾಪಾರಿಗಳು ಎಲ್ಲಿದ್ರೂ ವ್ಯಾಪಾರ ಮಾಡ್ತಾರೆ ಕಣೇ.” ಕೆಳಗೆ ಮೊಗಸಾಲೆಯಲ್ಲಿ ಬೇರೆ ಬೇರೆ ದೇಶಗಳ ಹೊತ್ತು ತೋರಿಸುವ ಗಡಿಯಾರಗಳ ಸಾಲೊಂದಿತ್ತಂತೆ. ಎಲ್ಲವೂ ನಿಂತುಹೋಗಿವೆ, ಆದ್ದರಿಂದ ಯಾವ ದೇಶಕ್ಕೂ ಪಕ್ಷಪಾತವಿಲ್ಲ ಎಂದು ಅವಳು ವರದಿ ಮಾಡಿದಳು.

ಆಮೇಲೆ ಶುರುವಾಯಿತು ರಾಜೋಪಚಾರ. ಕೇಳದೆಯೇ ಎರಡು ದಿಂಬು ಹೆಚ್ಚು ಬಂತು. ಕೇಳದೆಯೇ ಬಿಸಿನೀರು ಬಂತು. ಮೀಸೆಯವರು ಕಾಲುಬದಿ ನಿಂತು, “ಇನ್ನೇನಾದ್ರೂ ತಿನ್ಬೇಕು ಅನ್ಸುತ್ತಾ ಸಾರ್?” ಎಂದು ಕೇಳಿದರು. ನಾನು ಭರ್ಜರಿ ಊಟ ಹೇಳಿದೆ. ಅವರು ತಲೆಯಾಡಿಸಿ ಹೋಗಿ ಉಪ್ಪಿಲ್ಲದ ಗಂಜಿ ತಂದರು.

“ಏನ್ರೀ ಇದು, ಗಂಜಿ?” ಎಂದಳು ನನ್ನವಳು.

“ದೊಡ್ಡವರು ಮಧ್ಯಾಹ್ನ ಹಗುರವಾಗಿ ತಿಂತಾರೆ. ನಿನಗೆ ಈ ವಲಯದ ರೀತಿ ನೀತಿ ಗೊತ್ತಿಲ್ಲ.”

“ನಿಮಗೆ ಹೊರಗಡೆ ಇಷ್ಟು ಮರ್ಯಾದೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲರೀ” ಎಂದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳ ಬಾಯಿಂದ ಇಂಥ ಮಾತು ಕೇಳಿದ್ದು ಅದೇ ಮೊದಲು. ಗಂಜಿ ಅಮೃತವಾಯಿತು.

ಸಂಜೆಗೆ ಇನ್ನೂ ಹೊತ್ತಿತ್ತು. ಆದರೂ ಕೋಟು ತೊಟ್ಟು, ಟೈ ಬಿಗಿದು ಸಿದ್ಧನಾದೆ. ಯುದ್ಧಕ್ಕೆ ಮೊದಲು ಶತ್ರುವಿನ ಬಲಾಬಲ ಅರಿಯಬೇಕಲ್ಲ, ಹೋಟೆಲಿನ ಹಾಸಿಗೆಯನ್ನು ಪರೀಕ್ಷಿಸೋಣವೆಂದು ಅದರ ಮೇಲೆ ಬೆನ್ನುಕೊಟ್ಟೆ.

ಅಷ್ಟೇ. ಹಾಸಿಗೆಯ ನಡುವೆ ಒಂದು ಹಳ್ಳವಿತ್ತು. ಎಷ್ಟು ತಲೆಮಾರಿನ ವ್ಯಾಪಾರಿಗಳು ಹೊರಳಿ ತೋಡಿದ್ದೋ, ಅಂಥ ಹಳ್ಳ. ನನ್ನ ನಡು ಒಳಗೆ ಹೋಯಿತು, ತಲೆ ಈ ದಡದಲ್ಲಿ, ಕಾಲು ಆ ದಡದಲ್ಲಿ ಉಳಿದವು. ಏಳಲು ಮೈ ತಿರುವಿದೆ. ಬೆನ್ನಿನಲ್ಲಿ ‘ಳಟ್’ ಎಂದಿತು.

“ಅಯ್ಯಯ್ಯೋ! ಸತ್ತೆ ಕಣೇ!”

“ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ರೀ” ಎಂದು ಅವಳು ಕನ್ನಡಿಯ ಮುಂದಿನಿಂದ ತಿರುಗದೆ ಹೇಳಿದಳು.

“ಕಾಲಿನ ಮಾತಲ್ಲ, ಬೆನ್ನು! ಬೆನ್ನು ಹಿಡ್ಕೊಂಡಿದೆ! ಎಳಿ!”

ಎಳೆದಳು. ಕೈ ಹಿಡಿದು ಎಳೆದರೆ ಕಾಲು ಮೇಲೇರಿತು, ಕಾಲು ಹಿಡಿದು ಎಳೆದರೆ ತಲೆ ಒಳಗೆ ಹೋಯಿತು. ಕೊನೆಗೆ, “ತಡೀರಿ, ನಮ್ಮ ಹಾಸಿಗೆ ಕೆಳಗೆ ಹಾಸ್ತೀನಿ, ನಿಮ್ಮನ್ನ ಅದರ ಮೇಲೆ ಉರುಳಿಸೋಣ” ಎಂದು ಹಗ್ಗ ಬಿಚ್ಚಿ ಎರಡೂ ಮಂಚಗಳ ನಡುವೆ ಸ್ಯಾಂಪಲ್ ಹಾಸಿದಳು. ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಸ್ಪ್ರಿಂಗ್ ಸಾಹೇಬರು! ಅವಳೇ ಎತ್ತಿದಳು. ಸಾಹೇಬರ ಗಂಟಲು ಎಂಥದ್ದೆಂದರೆ ಹಳ್ಳದಲ್ಲಿದ್ದ ನನಗೂ ಎಲ್ಲ ಕೇಳಿಸಿತು.

“ಏನಮ್ಮಾ, ನಿಮ್ಮೆಜಮಾನ್ರು ಏನ್ ಮಾಡಿದ್ರು?”

“ಸಾರ್, ಅವರು ಹಾಸಿಗೆ ಹಿಡಿದುಬಿಟ್ಟಿದಾರೆ ಸಾರ್!”

“ಹಿಡಿದೇಬಿಟ್ರಾ? ಭೇಷ್! ಭೇಷ್! ಬಿಡಬೇಡಿ ಅನ್ನಿ!”

“ಇವರು ಬಿಡೋಣ ಅಂದ್ರೂ ಅದು ಬಿಡ್ತಾ ಇಲ್ಲ ಸಾರ್!”

“ಆ ಛಲ ಬೇಕಮ್ಮಾ, ಆ ಛಲ! ಈಗಲೇ ಎಲ್ಲರಿಗೂ ಹೇಳ್ತೀನಿ, ಹೋಟೆಲ್ ಆರ್ಡರ್ ಹಿಡಿದಾಯ್ತು ಅಂತ!” ಫೋನು ಕಟ್ಟಾಯಿತು.

ಇನ್ನು ಆರ್ಡರ್ ಇಲ್ಲದೆ ಮರಳಿದರೆ ಗೋಡೌನಿನಲ್ಲೂ ಜಾಗವಿರುವುದಿಲ್ಲ. ಚಹಾದ ಹೊತ್ತು ಹತ್ತಿರ ಬರುತ್ತಿದೆ, ನಾನು ಮಡಚಿದ ಕೊಡೆಯ ಹಾಗೆ ಹಳ್ಳದಲ್ಲಿ ಬಿದ್ದಿದ್ದೇನೆ. ಅಳು ಬಂದುಬಿಟ್ಟಿತು, ಸುಳ್ಳೇಕೆ ಹೇಳಲಿ.

ಆಗ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು. ಕೌಂಟರಿನ ಹುಡುಗಿ, ಅವಳ ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಮೀಸೆಯವರು, ಅವರಿಬ್ಬರ ನಡುವೆ ದಪ್ಪ ಕನ್ನಡಕದ, ನೆಟ್ಟನೆ ನಿಲುವಿನ ವೃದ್ಧೆ. “ನಮ್ಮ ದೊಡ್ಡಮ್ಮ. ಹೋಟೆಲ್ ಇವರದ್ದೇ” ಎಂದು ಹುಡುಗಿ ಪಿಸುಗುಟ್ಟಿದಳು.

ಒಡತಿ! ನಾನು ಹೋಗಿ ಕಾಣಬೇಕಾದವರು ತಾವೇ ಬಂದಿದ್ದಾರೆ! ಮಲಗಿದಲ್ಲೇ ಟೈ ಸರಿಮಾಡಿಕೊಂಡೆ.

“ಹೇಗಿದೀರಪ್ಪಾ?” ಎಂದರು ದೊಡ್ಡಮ್ಮ ಮೃದುವಾಗಿ.

“ನಾನೇ ನಿಮ್ಮ ಹತ್ರ ಬರ್ಬೇಕಿತ್ತಮ್ಮ. ಏಳೋಕಾಗ್ತಿಲ್ಲ, ಕ್ಷಮಿಸ್ಬೇಕು.”

“ಏಳ್ಬೇಡಿ, ಏಳ್ಬೇಡಿ. ಪಾಪ, ಕಣ್ಣಲ್ಲಿ ನೀರು ನೋಡು. ಏನಾದ್ರೂ ಆಸೆ ಇದ್ರೆ ಸಂಕೋಚ ಇಲ್ದೆ ಹೇಳಿ. ನನ್ನ ಕೈಲಾದ್ರೆ ನಡೆಸ್ಕೊಡ್ತೀನಿ.”

ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೆಲ್ಲಿ ಸಿಗುತ್ತದೆ? “ಒಂದೇ ಆಸೆ ಅಮ್ಮ. ನಿಮ್ಮ ಹೋಟೆಲಿನ ಎಲ್ಲಾ ಕೋಣೆಗಳಿಗೂ ಹೊಸ ಹಾಸಿಗೆ ಹಾಕಿಸ್ಬೇಕು.”

ದೊಡ್ಡಮ್ಮ ಹುಡುಗಿಯ ಕಡೆ ತಿರುಗಿ, “ಬಡಬಡಿಸ್ತಾ ಇದಾರೆ. ಡಾಕ್ಟರು ಹೊರಟ್ರೇನೇ?” ಎಂದು ಮೆಲ್ಲನೆ ಕೇಳಿ, ನಿಟ್ಟುಸಿರು ಬಿಟ್ಟು ಎದುರಿನ ಮಂಚದ ಮೇಲೆ ಕೂತರು.

ಕೂತರು ಎಂದೆನೇ? ಕಾಣೆಯಾದರು. ಆ ಹಾಸಿಗೆಯ ಹಳ್ಳ ನನ್ನದಕ್ಕಿಂತ ಆಳವಿತ್ತು. ಮೊಣಕಾಲು ಗಲ್ಲಕ್ಕೆ ತಾಗಿ, ಕನ್ನಡಕ ಹಣೆಗೇರಿ, “ಏ! ಏ! ಹಿಡೀರೇ!” ಎಂದು ಕೂಗಿದರು. ಹುಡುಗಿ ಒಂದು ಕೈ, ನನ್ನವಳು ಒಂದು ಕೈ, ಮೀಸೆಯವರು ಬುಟ್ಟಿ ಹಿಡಿದುಕೊಂಡೇ ಹಿಂದಿನಿಂದ ಹುಡುಗಿಯನ್ನು ಎಳೆದರು. ‘ಫಟ್’ ಎಂದು ದೊಡ್ಡಮ್ಮ ಹೊರಬಂದರು, ಬಂದ ರಭಸಕ್ಕೆ ಮುಗ್ಗರಿಸಿ ಕೆಳಗೆ ಹಾಸಿದ್ದ ನಮ್ಮ ಸ್ಯಾಂಪಲ್ಲಿನ ಮೇಲೆ ಬಿದ್ದರು.

“ಹಾ!” ಎಂದರು. ಎಲ್ಲರೂ ಉಸಿರು ಹಿಡಿದೆವು. ಆಮೇಲೆ ಕಣ್ಣು ಮುಚ್ಚಿಕೊಂಡು, “ಆಹಾ...” ಎಂದರು.

ಆ ‘ಹಾ’ಕ್ಕೂ ಈ ‘ಆಹಾ’ಕ್ಕೂ ಇರುವ ಅಂತರವೇ ನಮ್ಮ ಕಂಪನಿಯ ಬಂಡವಾಳ.

“ಯಾರದ್ದಿದು ಹಾಸಿಗೆ?”

“ನಮ್ಮದೇ ಅಮ್ಮ. ಸಂಜೆ ನಿಮಗೆ ತೋರಿಸೋಕೆ ಅಂತ್ಲೇ ಇವರು ಬೆಳಗ್ಗೆಯಿಂದ ಹಿಡ್ಕೊಂಡು ಬಂದಿದ್ದು” ಎಂದಳು ನನ್ನವಳು.

ದೊಡ್ಡಮ್ಮ ಕಣ್ಣು ತೆರೆದರು. ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. “ಅಂದ್ರೆ... ನೀವು ಸಾಯ್ತಾ ಇಲ್ವಾ?”

“ನಾನ್ಯಾಕಮ್ಮ ಸಾಯ್ಲಿ?”

“ಹಾಸಿಗೆ ಹಿಡಿದಿದಾರೆ, ಸಂಜೆಯೊಳಗೆ ಮುಗಿದುಹೋಗುತ್ತೆ ಅಂತ ಮೇಡಮ್ಮೇ ಹೇಳಿದ್ದು!” ಎಂದು ಹುಡುಗಿ ಅಳುವ ದನಿಯಲ್ಲಿ ಕೂಗಿದಳು. “ನಾಳೆ ಕೈ ಬೀಸ್ಕೊಂಡು ಹೋಗ್ತೀನಿ ಅಂತ ನಗ್ತಾ ಬೇರೆ ಹೇಳಿದ್ರು! ನನಗೆ ಮಧ್ಯಾಹ್ನ ಊಟಾನೇ ಸೇರಲಿಲ್ಲ!”

“ಕೈಯಲ್ಲಿ ಹಿಡಿದಿದಾರೆ ಅಂದೆ ಕಣಮ್ಮಾ! ವ್ಯಾಪಾರ ಮುಗಿಯುತ್ತೆ ಅಂದೆ!”

ಗಾಲಿಕುರ್ಚಿ, ತಲೆಬಾಗಿದ ಪೊರಕೆಯವರು, ಉಪ್ಪಿಲ್ಲದ ಗಂಜಿ, ಎಲ್ಲಕ್ಕೂ ಆಗ ನನಗೆ ಅರ್ಥ ಹೊಳೆಯಿತು. (ನನ್ನ ಮರ್ಯಾದೆಗೆ ಎರಡು ನಿಮಿಷ ಮೌನ ಆಚರಿಸೋಣ.)

ದೊಡ್ಡಮ್ಮನ ಮುಖ ಬಿಗಿಯಿತು. “ಓಹೋ, ಹಾಸಿಗೆ ಕಂಪನಿಯವರಾ? ನಾನು ಬದಲಾಯಿಸಲ್ಲ ಅಂತ ಎಷ್ಟು ಜನಕ್ಕೆ ಹೇಳಿಲ್ಲ! ಇವನ್ನ ನಮ್ಮ ಯಜಮಾನ್ರು ತಾವೇ ನಿಂತು ಆರಿಸಿದ್ದು. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಬೆಳಗ್ಗೆ ಎದ್ದು ಬಂದು ಹಾಸಿಗೆ ಸರಿಯಿಲ್ಲ ಅಂದಿದಾರಾ?”

“ಅನ್ನೋಕೆ ಮೊದಲು ಎದ್ದು ಬರ್ಬೇಕಲ್ಲಮ್ಮಾ!” ಎಂದಳು ನನ್ನವಳು, ನನ್ನ ಕಡೆ ಕೈ ತೋರಿಸಿ.

ನನ್ನ ಕಣ್ಣ ಮುಂದೆ ಗೋಡೌನಿನ ದೂಳು ಹಾರಿತು, ಮೂಗು ಆಗಲೇ ತುರಿಸತೊಡಗಿತು. ಮೊದಲು ನಕ್ಕವರು ಮೀಸೆಯವರು. ಆಮೇಲೆ ಹುಡುಗಿ. ಕೊನೆಗೆ ದೊಡ್ಡಮ್ಮನೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವೆಲ್ಲ ಇಳಿದ ಮೇಲೆ ಮಂಚದ ಕಾಲನ್ನು ಸವರುತ್ತ, “ಅವರು ಹೋದ ಮೇಲೆ ನಾನು ಈ ಮಂಚಗಳ ಮೇಲೆ ಕೂತೇ ಇರಲಿಲ್ಲ ಕಣಮ್ಮ. ಹೊಸದಾಗಿದ್ದಾಗ ಹೇಗಿದ್ವೋ ಹಾಗೇ ಇವೆ ಅಂದ್ಕೊಂಡಿದ್ದೆ” ಎಂದರು.

ನನ್ನವಳು ಅವರ ಪಕ್ಕದಲ್ಲೇ ಹಾಸಿಗೆಯ ಮೇಲೆ ಕೂತಳು. “ಅಷ್ಟು ಮುತುವರ್ಜಿಯಿಂದ ಆರಿಸಿದವರು ಈಗ ಇದ್ದಿದ್ರೆ, ಇವರ ಸ್ಥಿತಿ ನೋಡಿ ಮೊದಲು ಅವರೇ ಬದಲಾಯಿಸ್ತಿದ್ರಲ್ವಾ ಅಮ್ಮ?”

ದೊಡ್ಡಮ್ಮ ಎದ್ದು ಹೋಗಲು ಒಮ್ಮೆ ನೋಡಿದರು, ಮತ್ತೆ ಹಾಗೇ ಒರಗಿದರು. “ಏಳೋಕೆ ಮನಸ್ಸೇ ಬರ್ತಿಲ್ವಲ್ಲೇ! ಆಗ್ಲಿ, ಎಲ್ಲಾ ಕೋಣೆಗೂ ಇದೇ ಹಾಕಿ. ನನ್ನ ಮನೆಗೂ ಒಂದು.”

ಗೆದ್ದೆ! ಹಳ್ಳದಲ್ಲಿ ಬಿದ್ದಲ್ಲಿಂದಲೇ ಎರಡೂ ಕೈ ಮೇಲೆತ್ತಿ ಜಯಕಾರ ಹಾಕಿದೆ. ಬೆನ್ನು ಇನ್ನೊಮ್ಮೆ ‘ಳಟ್’ ಎಂದಿತು. ಎನ್ನಲಿ ಬಿಡಿ! ಯಾವ ಕಂಪನಿಯ ಯಾವ ಜಾಣನಿಗೂ ಆಗದ ಕೆಲಸವನ್ನು ನಾನು ಮಲಗಿದಲ್ಲಿಂದಲೇ ಮಾಡಿದ್ದೆ. ಸಾಹೇಬರಿಗೆ ಫೋನು ಮಾಡಿದರೆ ಅವರು ಪುಟಿದ ಸದ್ದು ಇಲ್ಲಿಗೂ ಕೇಳಿಸಿತು. ನಾನು ವಲಯದ ಮುಖ್ಯಸ್ಥ! ಅವತ್ತು ರಾತ್ರಿ ನನಗೆ ಉಪ್ಪು ಹಾಕಿದ ಊಟ ಬಂತು, ಮೀಸೆಯವರು ತಾವೇ ನಿಂತು ಬಡಿಸಿದರು. ಮರುದಿನ ಹೊರಡುವಾಗ ಅದೇ ದ್ವಾರಪಾಲಕ ಹಾಸಿಗೆಯನ್ನು ತಾನೇ ಹೊತ್ತು ಮುಂಬಾಗಿಲಿಂದ ಹೊರತಂದ. ಗಾಲಿಕುರ್ಚಿಯಲ್ಲಿ ಅದರ ಹಿಂದೆ ನಾನು. ಈ ಸಲ ಮಾತ್ರ ಆ ಕುರ್ಚಿ ನನಗೆ ನಿಜವಾಗಿ ಬೇಕಾಗಿತ್ತು.

ಹೇಳುವುದು ಮರೆತೆ. ಸಾಯುತ್ತಿರುವ ನನಗಾಗಿ ಕರೆಸಿದ್ದ ಡಾಕ್ಟರು ಆರ್ಡರ್ ಆದ ಮೇಲೆ ಬಂದು ಮುಟ್ಟಿದ್ದರು. ನನ್ನನ್ನು ಹಳ್ಳದಿಂದ ಎತ್ತಿಸಿ, ಬೆನ್ನು ಒತ್ತಿ, ತಿರುವಿ, ಪೂರ್ತಿ ಅರಚಿಸಿ ತೀರ್ಪು ಕೊಟ್ಟರು. “ಪ್ರಾಣಕ್ಕೇನೂ ಅಪಾಯ ಇಲ್ಲ. ಆದ್ರೆ ಮೆತ್ತನೆ ಹಾಸಿಗೆ ಅನ್ನೋದು ಇನ್ಮೇಲೆ ನಿಮಗೆ ವಿಷ ಅಂತ ತಿಳ್ಕೊಳ್ಳಿ. ಗಟ್ಟಿ ನೆಲ, ಒಂದು ಚಾಪೆ. ಅಷ್ಟೇ.”

ಈಗ ತಿಳಿಯಿತಲ್ಲ, ನಾನೇಕೆ ಏಳಲಿಲ್ಲವೆಂದು? ಹಾಸಿಗೆ ಕಂಪನಿಯ ವಲಯದ ಮುಖ್ಯಸ್ಥನಾದ ನಾನು ನಿಮ್ಮ ಕಾಲಬುಡದಲ್ಲಿ, ನಮ್ಮ ಮನೆಯ ನೆಲದ ಮೇಲೆ, ಚಾಪೆಯಲ್ಲಿ ಮಲಗಿಕೊಂಡು ಈ ವಿಜಯಗಾಥೆ ಹೇಳುತ್ತಿದ್ದೇನೆ. ಗಂಟಿನ ಹಾಸಿಗೆ ಅಟ್ಟ ಸೇರಿದೆ. ಸ್ಯಾಂಪಲ್ಲನ್ನು ಸಾಹೇಬರು ಸಂತೋಷದಿಂದ ಬಿಟ್ಟುಕೊಟ್ಟರು. ಮಾತಿನಂತೆ ಅದು ಅವಳ ಪಾಲಾಯಿತು. ಮಂಚದ ಮೇಲೆ ಅಂಗಾತ ಮಲಗಿ, ಕೈಕಾಲು ನಾಲ್ಕು ದಿಕ್ಕಿಗೂ ಚೆಲ್ಲಿ, “ಆಹಾ” ಎನ್ನುತ್ತಾಳೆ. ನಾನು ಕೆಳಗಿನಿಂದ, “ಸ್ವಲ್ಪ ಮೆಲ್ಲಗೆ ಸುಖಪಡೇ, ಹೊಟ್ಟೆ ಉರಿಯುತ್ತೆ” ಎಂದರೆ, “ಬೇಜಾರ್ಯಾಕ್ರೀ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಮ್ಮಂಥವರಿಗೆ. ನಿಮಗೆ ಇಡೀ ನೆಲ ಇದೆ, ಎಷ್ಟು ಬೇಕೋ ಅಷ್ಟು ಚಾಚ್ಕೊಳ್ಳಿ” ಎನ್ನುತ್ತಾಳೆ.

ಇಗೋ, ಮೊಬೈಲು ಬಡಿದುಕೊಳ್ಳುತ್ತಿದೆ. ಸ್ಪ್ರಿಂಗ್ ಸಾಹೇಬರೇ ಇರಬೇಕು. ಇನ್ನೊಂದು ಹಳೇ ಹೋಟೆಲ್ ಗೊತ್ತು ಮಾಡಿದ್ದಾರಂತೆ, ನಿನ್ನೆಯಿಂದ ಒಂದೇ ಸಮನೆ ಕೇಳುತ್ತಿದ್ದಾರೆ. ಅವಳೇ ಮಂಚದ ಮೇಲಿನಿಂದ ಕೈ ಚಾಚಿ ಎತ್ತಿದಳು.

“ಏನಮ್ಮಾ, ನಮ್ಮ ಮುಖ್ಯಸ್ಥರು ಮತ್ತೆ ಹಾಸಿಗೆ ಹಿಡಿದ್ರಾ ಇಲ್ವಾ?”

“ಇಲ್ಲ ಸಾರ್” ಎಂದಳು ಮಗ್ಗುಲು ಬದಲಿಸುತ್ತ. “ಹಾಸಿಗೆ ನಾನು ಹಿಡಿದಿದೀನಿ. ಅವರು ಚಾಪೆ ಹಿಡಿದಿದಾರೆ.”